ಕೌರವ ಬಿದ್ದಾಗ ಕಣ್ಣೀರು ಬಂತು, ಚಿಕ್ಕಪ್ಪ ಹೋದಾಗ ಬರಲಿಲ್ಲ. ಯಾಕೆ?

ಗಿರಣಿಮನೆ:

ಎಲ್ಲರಿಗೂ ನಮಸ್ಕಾರ. ಇದು ಸಾಹಿತ್ಯದ ಪ್ರಶ್ನೆಯೋ ಮನೆಯ ಪ್ರಶ್ನೆಯೋ ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ. ಆದರೂ ಇಲ್ಲಿ ಓದಿಕೊಂಡವರು ಇದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ.

ಹೋದ ತಿಂಗಳು ನಮ್ಮ ಪಕ್ಕದ ಊರಲ್ಲಿ ಬಯಲಾಟ ಇತ್ತು. ಗದಾಯುದ್ಧ ಪ್ರಸಂಗ. ಬೆಳಗಿನ ಜಾವದ ಹೊತ್ತಿಗೆ ರಂಗಸ್ಥಳದಲ್ಲಿ ಕೌರವ ಒಬ್ಬನೇ ಉಳಿದಿದ್ದ. ತಮ್ಮಂದಿರಿಲ್ಲ, ಮಗನಿಲ್ಲ, ಕರ್ಣನಿಲ್ಲ. ವೇಷಧಾರಿಗೆ ಬೆವರು ಇಳಿದು ಬಣ್ಣ ಕುತ್ತಿಗೆ ತನಕ ಹರಿದಿತ್ತು. ಗದೆಯನ್ನು ಊರುಗೋಲಿನ ಹಾಗೆ ಹಿಡಿದುಕೊಂಡು ಸುಮ್ನೆ ನಿಂತ. ಚಂಡೆಯೂ ನಿಂತಿತ್ತು. ಏನೂ ಮಾತಿಲ್ಲ, ಆ ನಿಂತ ರೀತಿ ನೋಡಿಯೇ ನನಗೆ ಅಳು ಒತ್ತರಿಸಿ ಬಂತು. ಪಕ್ಕದಲ್ಲಿ ಕೂತವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ಒಂದು ವಿಷಯ ಕಾಡಲು ಶುರುವಾಯಿತು. ಎರಡು ವರ್ಷದ ಹಿಂದೆ ನನ್ನ ಚಿಕ್ಕಪ್ಪ ತೀರಿಕೊಂಡರು. ಅವರದು ಅಕ್ಕಿ ಗಿರಣಿ ಇತ್ತು. ಸುತ್ತಲಿನ ಏಳೆಂಟು ಊರಿನ ಭತ್ತ ಅಲ್ಲಿಗೇ ಬರುತ್ತಿತ್ತು. ಸುಗ್ಗಿ ಕಾಲದಲ್ಲಿ ಗಿರಣಿ ಮುಂದೆ ಗಾಡಿ ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಆಮೇಲೆ ಸಾಲ ಮಾಡಿ ದೊಡ್ಡ ಯಂತ್ರ ತಂದರು. ಅದೇ ವರ್ಷ ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಹಾಕಿದರು. ಆ ಸ್ನೇಹಿತ ಕೈ ಎತ್ತಿದ. ಗಿರಣಿ ಹೋಯಿತು, ಎರಡು ಎಕರೆ ತೋಟ ಹೋಯಿತು. ಕೊನೆಗೆ ಬೇರೆಯವರ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 53ನೇ ವಯಸ್ಸಿಗೆ ಹೃದಯಾಘಾತ.

ಅವರು ಹೋದಾಗ ನನಗೆ ಅಳು ಬರಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ಯಾರು ಹೇಳಿದ್ದರು ಜಾಮೀನು ಹಾಕು ಅಂತ? ಊರವರೂ ಅದನ್ನೇ ಹೇಳಿದರು, ಅತಿ ಆಸೆ ಗತಿ ಕೇಡು ಅಂತ. ತುಂಬಿದ ಸಭೆಗೆ ದ್ರೌಪದಿಯನ್ನು ಎಳೆತರಿಸಿದವನಿಗೆ ಅಳು, ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರಿಗೆ ಸಿಟ್ಟು. ಇದು ಯಾಕೆ ಹೀಗೆ? ನಾಟಕದ ಸಾವಿಗೆ ಇರುವ ಶಕ್ತಿ ಮನೆಯ ಸಾವಿಗೆ ಯಾಕಿಲ್ಲ?

ಹಳಗನ್ನಡದ ಓದುಗ:

ಗಿರಣಿಮನೆಯವರೇ, ನಿಮ್ಮ ಪ್ರಶ್ನೆ ಓದಿದ ಕೂಡಲೇ ರನ್ನ ನೆನಪಾದ. ಅವನು ಮುಧೋಳದ ಬಳೆಗಾರರ ಮನೆಯ ಹುಡುಗ, ಹುಟ್ಟಿದ್ದು 949ರಲ್ಲಿ. ಗದಾಯುದ್ಧ ಬರೆದದ್ದು ಚಾಳುಕ್ಯ ಸತ್ಯಾಶ್ರಯನಿಗಾಗಿ. ಭೀಮನನ್ನೂ ಸತ್ಯಾಶ್ರಯನನ್ನೂ ಒಂದು ಮಾಡಿ ಹೊಗಳಿದ್ದಾನೆ, ಅಂದರೆ ಲೆಕ್ಕದ ಪ್ರಕಾರ ನಾಯಕ ಭೀಮ. ಆದರೆ ಓದಿ ಮುಗಿಸಿದವರ ಮನಸ್ಸಲ್ಲಿ ಉಳಿಯುವುದು ದುರ್ಯೋಧನ. ಸಾವಿರ ವರ್ಷದಿಂದ ಹೀಗೇ ಆಗಿದೆ, ನೀವೊಬ್ಬರೇ ಅಲ್ಲ.

ಯಾಕೆ ಅನ್ನೋದಕ್ಕೆ ನನಗೆ ಕಾಣುವ ಕಾರಣ ಅವನ ನಡಿಗೆ. ಭೀಷ್ಮರನ್ನು ನೋಡಲು ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಒಂದೊಂದು ಹೆಣದ ಹತ್ತಿರವೂ ನಿಲ್ಲುತ್ತಾನೆ. ಅಭಿಮನ್ಯು ಶತ್ರುವಿನ ಮಗ, ಅವನಿಗೂ ಕೈಮುಗಿದು ನಿನ್ನಂಥ ಸಾವು ನನಗೂ ಬರಲಿ ಅಂತ ಕೇಳಿಕೊಳ್ಳುತ್ತಾನೆ. ಮಗ ಲಕ್ಷ್ಮಣನ ಹತ್ತಿರ ಬಂದಾಗ, ಮಗ ಅಪ್ಪನಿಗೆ ತರ್ಪಣ ಕೊಡಬೇಕಾದದ್ದು, ನೀನು ಕ್ರಮ ತಪ್ಪಿಸಿ ನಾನೇ ನಿನಗೆ ಕೊಡುವ ಹಾಗೆ ಮಾಡಿದೆಯಲ್ಲ ಅನ್ನುತ್ತಾನೆ. ಆಮೇಲೆ ತಮ್ಮ ದುಶ್ಶಾಸನ. ಈ ಪದ್ಯ ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ತಾಯಿಯ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು. ಒಳ್ಳೆಯ ಊಟ ಏನೇ ಬಂದರೂ ಮೊದಲು ನಾನು, ಆಮೇಲೆ ನೀನು. ಚಿಕ್ಕಂದಿನಿಂದ ಒಂದು ಸಲವೂ ನೀನು ನನ್ನನ್ನು ಮೀರಿ ಮುಂದೆ ಹೋದವನಲ್ಲ. ಸಾವಿಗೆ ಮಾತ್ರ ನನಗಿಂತ ಮುಂದೆ ಹೋದೆ.

ಇಲ್ಲಿ ರಾಜ್ಯದ ಮಾತಿಲ್ಲ, ಯುದ್ಧದ ಮಾತಿಲ್ಲ, ಧರ್ಮದ ಮಾತೂ ಇಲ್ಲ. ಅಣ್ಣ ತಮ್ಮಂದಿರು ಊಟಕ್ಕೆ ಕೂರುವ ಕ್ರಮ ಅಷ್ಟೇ. ಸೋಲಿನ ತುದಿಯಲ್ಲಿ ನಿಂತವನು ಹೀಗೆ ಮಾತಾಡಿದಾಗ ಅವನ ಹಳೆಯ ಲೆಕ್ಕ ತೆಗೆಯಲು ಯಾರಿಗೂ ಬಾಯಿ ಬರುವುದಿಲ್ಲ. ನಿಮ್ಮ ಚಿಕ್ಕಪ್ಪನಿಗೆ ಹೀಗೆ ಮಾತಾಡುವ ಅವಕಾಶ ಸಿಕ್ಕಿತ್ತಾ? ಇದನ್ನು ಕೆದಕಲು ಕೇಳುತ್ತಿಲ್ಲ. ವ್ಯತ್ಯಾಸ ಇರುವುದು ಅಲ್ಲೇ ಅಂತ ನನಗೆ ಅನಿಸುತ್ತದೆ.

ದಾರಿಹೋಕ:

ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ‘ಅತಿ ಆಸೆ ಗತಿ ಕೇಡು’ ಅನ್ನೋ ಮಾತಿನ ಬಗ್ಗೆ ನನಗೊಂದು ತಕರಾರಿದೆ. ಕಾಲೇಜಿನಲ್ಲಿ ನಮಗೆಲ್ಲ ದುರಂತ ನಾಯಕ ಅಂದರೆ ಅವನಲ್ಲಿ ಒಂದು ದೋಷ ಇರಬೇಕು, ಆ ದೋಷದಿಂದಲೇ ಬೀಳಬೇಕು ಅಂತ ಬರೆಸಿದರು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ ಪದ ಹಮಾರ್ಷಿಯಾ. ಅದರ ಮೂಲ ಅರ್ಥ ಬಾಣ ಗುರಿ ತಪ್ಪುವುದು. ಕೆಟ್ಟತನ ಅಲ್ಲ, ಪಾಪ ಅಲ್ಲ, ತಿಳಿಯದೆ ಆದ ತಪ್ಪು. ಪೂರ್ತಿ ಒಳ್ಳೆಯವನು ಬಿದ್ದರೆ ನಮಗೆ ಅಸಹ್ಯ ಆಗುತ್ತದೆ, ಪೂರ್ತಿ ಕೆಟ್ಟವನು ಬಿದ್ದರೆ ಮರುಕ ಹುಟ್ಟುವುದಿಲ್ಲ, ನಡುವೆ ಇರುವ ನಮ್ಮಂಥವನು ಬಿದ್ದಾಗ ಮಾತ್ರ ಮರುಕವೂ ಭಯವೂ ಆಗುತ್ತದೆ ಅಂತ ಅವನು ಹೇಳಿದ್ದು.

ಗ್ರೀಕ್ ನಾಟಕದ ಈಡಿಪಸ್ ದೊರೆಯನ್ನೇ ನೋಡಿ. ಥೀಬ್ಸ್ ಊರಿಗೆ ಪಿಡುಗು ಬಂದಿದೆ. ಹಳೆಯ ದೊರೆಯನ್ನು ಕೊಂದವನು ಊರಲ್ಲೇ ಇದ್ದಾನೆ, ಅವನನ್ನು ಹುಡುಕಿ ಹೊರಗೆ ಹಾಕಬೇಕು. ಈಡಿಪಸ್ ಹುಡುಕಲು ಹೊರಟಿದ್ದು ಊರಿನ ಒಳ್ಳೆಯದಕ್ಕೆ. ಬಿಟ್ಟುಬಿಡು ಅಂತ ಕುರುಡ ಜ್ಞಾನಿ ಹೇಳಿದ, ಹೆಂಡತಿ ಯೊಕಾಸ್ಟ ಬೇಡಿಕೊಂಡಳು, ಬಿಡಲಿಲ್ಲ. ಕೊನೆಗೆ ಗೊತ್ತಾಗಿದ್ದು, ತಿಳಿಯದೆ ಕೊಂದವನು ತಾನೇ, ಸತ್ತ ದೊರೆ ತನ್ನ ಅಪ್ಪ, ಹೆಂಡತಿ ತನ್ನ ತಾಯಿ ಅಂತ. ಒಳ್ಳೆಯ ದೊರೆ ಮಾಡಬೇಕಾದ ಕೆಲಸವೇ ಅವನನ್ನು ಮುಗಿಸಿತು. ಇದರಲ್ಲಿ ದುರಾಸೆ ಎಲ್ಲಿದೆ? ಮತ್ತೆ ಅವನು ನಾಟಕದ ಕೊನೆಯಲ್ಲಿ ಸಾಯುವುದೂ ಇಲ್ಲ. ಕಣ್ಣು ಕಿತ್ತುಕೊಂಡು ಬದುಕಿರುತ್ತಾನೆ. ದುರಂತಕ್ಕೆ ಹೆಣ ಬೀಳಲೇಬೇಕು ಅಂತ ಏನೂ ಇಲ್ಲ.

ನಿಮ್ಮ ಚಿಕ್ಕಪ್ಪ ಮಾಡಿದ್ದೇನು? ಸ್ನೇಹಿತನನ್ನು ನಂಬಿ ಸಹಿ ಹಾಕಿದರು. ಸಹಿ ಹಾಕುವಾಗ ಅದು ಒಳ್ಳೆಯ ಮನುಷ್ಯ ಮಾಡುವ ಕೆಲಸವೇ ಆಗಿತ್ತು, ಅಲ್ವಾ? ಅದೇ ಸ್ನೇಹಿತ ಸಾಲ ಕಟ್ಟಿದ್ದರೆ ಊರವರು ಅವರನ್ನು ದೊಡ್ಡ ಮನಸ್ಸಿನವರು ಅಂತಿದ್ದರು. ಬಿದ್ದ ಮೇಲೆ ಅದಕ್ಕೆ ಅತಿ ಆಸೆ ಅಂತ ಹೆಸರಿಟ್ಟರು. ಜನ ಹೀಗೆ ಹೆಸರಿಡುವುದು ಭಯಕ್ಕೆ. ತಪ್ಪು ಅವನದೇ ಅಂದುಕೊಂಡರೆ ಅಂಥದ್ದು ತಮಗೆ ಆಗುವುದಿಲ್ಲ ಅಂತ ಸಮಾಧಾನ. ನಾಟಕ ಆ ಸಮಾಧಾನ ಕೊಡುವುದಿಲ್ಲ, ಕೂರಿಸಿ ಪೂರ್ತಿ ತೋರಿಸುತ್ತದೆ.

ರಾತ್ರಿಪಾಳಿ:

ನಾನು ನಾಟಕ ಜಾಸ್ತಿ ಓದಿದವಳಲ್ಲ. ನರ್ಸ್ ಆಗಿ 14 ವರ್ಷ ಆಯಿತು, ಅದರಲ್ಲಿ 9 ವರ್ಷ ಐಸಿಯು. ನಮ್ಮ ತಂಗಿ ರಂಗಭೂಮಿಯಲ್ಲಿದ್ದಾಳೆ. ಗ್ರೀಕ್ ನಾಟಕಗಳಲ್ಲಿ ಕೊಲ್ಲುವುದನ್ನು ಸಾಮಾನ್ಯವಾಗಿ ವೇದಿಕೆ ಮೇಲೆ ತೋರಿಸುತ್ತಿರಲಿಲ್ಲ, ಒಳಗೆ ನಡೆದದ್ದನ್ನು ದೂತ ಹೊರಗೆ ಬಂದು ಹೇಳುತ್ತಾನೆ ಅಂತ ಅವಳು ಒಮ್ಮೆ ಹೇಳಿದಳು. ಅವತ್ತಿನಿಂದ ಐಸಿಯು ಬಾಗಿಲು ತೆಗೆದು ಹೊರಗೆ ಬರುವಾಗೆಲ್ಲ ನನಗೆ ಆ ದೂತನ ನೆನಪಾಗುತ್ತದೆ. ಡಾಕ್ಟರ್ ಹೇಳಿ ಹೋದ ಮೇಲೆ ಮನೆಯವರು ನಮ್ಮ ಹತ್ತಿರವೇ ಬರುತ್ತಾರೆ.

ಅವರು ಕೇಳುವುದು ಏನು ಗೊತ್ತಾ? ಎಷ್ಟೋ ಜನ ಕೇಳುವ ಮೊದಲ ಪ್ರಶ್ನೆ, ‘ಏನಾದ್ರೂ ಮಾತಾಡಿದ್ರಾ ಸಿಸ್ಟರ್?’ ಉತ್ತರ ಬಹಳ ಸಲ ಇಲ್ಲ ಅಂತಲೇ. ಬಾಯಲ್ಲಿ ಕೊಳವೆ ಇರುತ್ತದೆ, ನಿದ್ದೆ ಬರಿಸಿರುತ್ತಾರೆ. ಕೌರವನ ಹಾಗೆ ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿ ಸಾಯುವ ಭಾಗ್ಯ ಯಾರಿಗೂ ಇಲ್ಲ. ಒಬ್ಬರು ಅಜ್ಜ ಮಾತ್ರ ಕೊಳವೆ ಹಾಕುವ ಮೊದಲು ನನ್ನ ಕೈ ಹಿಡಿದು, ಹಸು ಕಟ್ಟಿದ ಹಗ್ಗ ಗಿಡ್ಡ ಆಗಿದೆ, ಹುಡುಗನಿಗೆ ಹೇಳಿ ಅಂದರು. ಮಗ ಬಂದಾಗ ಹೇಳಿದೆ. ಅಲ್ಲಿಯ ತನಕ ಗಟ್ಟಿಯಾಗಿ ನಿಂತಿದ್ದ ಮನುಷ್ಯ ಅಲ್ಲೇ ಕುಸಿದು ಕೂತು ಅತ್ತರು.

ಹಾಗಾಗಿ ಗಿರಣಿಮನೆಯವರೇ, ನಿಮಗೆ ಅಳು ಬರಲಿಲ್ಲ ಅಂದರೆ ಪ್ರೀತಿ ಇರಲಿಲ್ಲ ಅಂತ ಅಂದುಕೊಳ್ಳಬೇಡಿ. ನಿಮಗೆ ಹಗ್ಗದ ಮಾತು ಹೇಳುವವರು ಯಾರೂ ಸಿಗಲಿಲ್ಲ, ಅಷ್ಟೇ.

ತುಂಗೆಯ ದಡ:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಮೂಲ ಪ್ರಶ್ನೆಯನ್ನು ಎರಡು ಸಲ ಓದಿದೆ. ಗಿರಣಿ ಇದೆ, ಯಂತ್ರ ಇದೆ, ಸ್ನೇಹಿತ ಇದ್ದಾನೆ, ಊರವರು ಇದ್ದಾರೆ. ಚಿಕ್ಕಮ್ಮ ಎಲ್ಲಿ? ಒಂದು ಸಾಲೂ ಇಲ್ಲ.

ಸಿಟ್ಟಿಂದ ಹೇಳುತ್ತಿಲ್ಲ. ಹಳೆಯ ದುರಂತ ನಾಟಕಗಳಲ್ಲೂ ಹೀಗೇ ಆಗುತ್ತದೆ, ಬೀಳುವ ಗಂಡಸಿನ ಕಡೆಗೇ ಎಲ್ಲರ ಕಣ್ಣು. ಆಂಟಿಗನಿ ಅನ್ನೋ ಗ್ರೀಕ್ ನಾಟಕದಲ್ಲಿ, ಬೇಡ ಅಂದರೂ ಸೋದರನ ಹೆಣಕ್ಕೆ ಸಂಸ್ಕಾರ ಮಾಡಲು ಹೋದ ಆಂಟಿಗನಿಯನ್ನು ಕ್ರಿಯಾನ್ ದೊರೆ ಗುಹೆಯಲ್ಲಿ ಮುಚ್ಚಿಸುತ್ತಾನೆ. ಅವಳನ್ನು ಮದುವೆಯಾಗಬೇಕಿದ್ದವನು ಅವನ ಮಗ. ಆ ಹಟದಿಂದ ಮಗ ಸತ್ತ ಸುದ್ದಿಯನ್ನು ದೂತ ಬಂದು ರಾಣಿ ಯುರಿಡಿಸಿಗೆ ಹೇಳುತ್ತಾನೆ. ಅವಳು ಪೂರ್ತಿ ಕೇಳುತ್ತಾಳೆ. ಒಂದು ಮಾತೂ ಆಡದೆ ಎದ್ದು ಒಳಗೆ ಹೋಗುತ್ತಾಳೆ. ಅಲ್ಲಿದ್ದವರಿಗೇ ಆ ಮೌನ ನೋಡಿ ಭಯ ಆಗುತ್ತದೆ. ಮುಂದೆ ಅವಳ ಸಾವಿನ ಸುದ್ದಿಯೇ ಹೊರಗೆ ಬರುವುದು. ಕ್ರಿಯಾನ್‌ಗೆ ತಪ್ಪು ಅರಿವಾಗಿತ್ತು, ತಿದ್ದಿಕೊಳ್ಳಲೂ ಹೊರಟಿದ್ದ. ಮೊದಲು ಹುಡುಗಿಯನ್ನು ಗುಹೆಯಿಂದ ಬಿಡಿಸು, ಆಮೇಲೆ ಹೆಣಕ್ಕೆ ಸಂಸ್ಕಾರ ಮಾಡು ಅಂತ ಹಿರಿಯರು ಹೇಳಿದ್ದರು. ಅವನು ಮೊದಲು ಹೆಣದ ಕೆಲಸ ಮುಗಿಸಿ ಆಮೇಲೆ ಗುಹೆಗೆ ಹೋದ. ಅಷ್ಟರಲ್ಲಿ ಆಂಟಿಗನಿ ಸತ್ತಿದ್ದಳು. ನನಗೆ ಆ ನಾಟಕದಲ್ಲಿ ಅತಿ ಸಂಕಟದ ಜಾಗ ಇದೇ. ಸತ್ತವರಿಗೆ ಮಾಡಬೇಕಾದ್ದರಲ್ಲಿ ಮುಳುಗಿ ಬದುಕಿದ್ದವರ ಹತ್ತಿರ ಹೋಗುವುದು ತಡ ಆಯಿತು.

ನಮ್ಮ ಮನೆಯಲ್ಲೂ ಅಪ್ಪ ಸಾಲದಲ್ಲಿ ಮುಳುಗಿ ಹೋದರು. ಆಮೇಲೆ ಬಂದವರೆಲ್ಲ ಅಪ್ಪನ ತಪ್ಪು ಒಪ್ಪು ಮಾತಾಡಿ ಕಾಫಿ ಕುಡಿದು ಹೋದರು. ಅಮ್ಮನ ಕೊರಳಲ್ಲಿ ಚಿನ್ನ ಯಾವಾಗ ಹೋಯಿತು ಅಂತ ಒಬ್ಬರೂ ಕೇಳಲಿಲ್ಲ.

ಹಳಗನ್ನಡದ ಓದುಗ:

ತುಂಗೆಯ ದಡ ಅವರ ಮಾತು ಸರಿ. ರನ್ನನಲ್ಲೂ ದ್ರೌಪದಿಯ ಸಿಟ್ಟು ಆರುವುದಿಲ್ಲ, ದುರ್ಯೋಧನನ ಮೇಲೆ ನಮಗೆ ಮರುಕ ಬಂತು ಅಂತ ಅವಳ ಅವಮಾನ ಅಳಿಸಿ ಹೋಗುವುದಿಲ್ಲ. ಎರಡೂ ಒಟ್ಟಿಗೆ ಇರುತ್ತವೆ.

ಇನ್ನೊಂದು ನೆನಪಾಯಿತು. ಸಂಸ್ಕೃತ ನಾಟಕಕಾರ ಭಾಸನ ಊರುಭಂಗದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ಹತ್ತಿರ ಪುಟ್ಟ ಮಗ ದುರ್ಜಯ ಓಡಿ ಬರುತ್ತಾನೆ. ಬಂದವನೇ ಯಾವಾಗಲೂ ಕೂರುವ ಹಾಗೆ ತೊಡೆ ಮೇಲೆ ಕೂರಲು ಹೋಗುತ್ತಾನೆ. ಬೇಡ ಅನ್ನಬೇಕಾಗುತ್ತದೆ ಅಪ್ಪ. ಗದೆಯ ಏಟಿಗಿಂತ ಅದು ಜಾಸ್ತಿ ನೋಯಿಸುತ್ತದೆ. ನಮ್ಮ ಬಿ. ಎಂ. ಶ್ರೀಯವರು ಗದಾಯುದ್ಧವನ್ನು ನಾಟಕ ಮಾಡಿದ್ದು, 1929ರಲ್ಲಿ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಜಾಕ್ಸ್ ಕಥೆಯ ದಾರಿ ಹಿಡಿದು ಅಶ್ವತ್ಥಾಮನ್ ಬರೆದದ್ದು, ಎರಡೂ ಈ ನೋವಿನ ಹಿಂದೆ ಹೋಗಿಯೇ ಅಂತ ನನಗೆ ಅನಿಸುತ್ತದೆ. ಚಿರಂಜೀವಿ ಅಂತ ಎಲ್ಲರೂ ನಂಬಿದ ಅಶ್ವತ್ಥಾಮನನ್ನು ಸಾಯಿಸಿದ್ದಕ್ಕೆ ಅವರು ಟೀಕೆಯನ್ನೂ ಕೇಳಬೇಕಾಯಿತು.

ಗಿರಣಿಮನೆ:

ಎಲ್ಲರಿಗೂ ಉತ್ತರ ಕೊಡಲು ಎರಡು ದಿನ ತಡ ಆಯಿತು. ಕ್ಷಮಿಸಿ.

ತುಂಗೆಯ ದಡ ಅವರೇ, ನೀವು ಕೇಳಿದ್ದು ನೆಟ್ಟಗೆ ಎದೆಗೆ ತಾಗಿತು. ಚಿಕ್ಕಮ್ಮ ತವರಿನಲ್ಲಿದ್ದಾರೆ. ಹಪ್ಪಳ, ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ವರ್ಷದ ತಿಥಿಗೆ ಹೋದಾಗ ನೋಡಿದ್ದು, ಆಮೇಲೆ ನಾನಾಗಿ ಒಂದು ಫೋನೂ ಮಾಡಿಲ್ಲ.

ನಿನ್ನೆ ರಾತ್ರಿ ಊಟ ಆದ ಮೇಲೆ ಆ ದುಶ್ಶಾಸನನ ಪದ್ಯ ಹುಡುಕಿ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಓದಿದ್ದು ಏಳನೇ ಕ್ಲಾಸು, ಹಳಗನ್ನಡ ಅರ್ಥ ಆಗಲಿಲ್ಲ. ಇಲ್ಲಿ ಬರೆದ ಹಾಗೆ ಬಿಡಿಸಿ ಹೇಳಿದೆ. ಮೊದಲು ನಾನು, ಆಮೇಲೆ ನೀನು ಅನ್ನೋದನ್ನು ಇನ್ನೊಂದು ಸಲ ಓದು ಅಂದರು. ಓದಿದೆ. ಎಲೆ ಹಾಕಿದಾಗ ಅವನು ಯಾವಾಗಲೂ ನನ್ನ ಎಡಗಡೆ ಕೂರುತ್ತಿದ್ದ, ನನಗೆ ಬಡಿಸಿ ಆಗುವ ತನಕ ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ ಅಂದರು. ಆಮೇಲೆ ತುಂಬಾ ಹೊತ್ತು ಮಾತಿಲ್ಲ. ನಾನು ಪುಸ್ತಕ ಮುಚ್ಚಿ ಏಳಬೇಕು ಅನ್ನುವಾಗ, ‘ಜಾಮೀನಿಗೆ ಸಹಿ ಹಾಕುವ ಮೊದಲು ಅವನು ನನ್ನನ್ನು ಕೇಳಿದ್ದ. ನಿನ್ನಿಷ್ಟ ಕಣೋ ಅಂದಿದ್ದೆ’ ಅಂದರು.

ಎರಡು ವರ್ಷದಲ್ಲಿ ಈ ಮಾತು ಅಪ್ಪ ಯಾರ ಹತ್ತಿರವೂ ಆಡಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಲೈಟ್ ಆರಿಸಿ ಮಲಗಿದ ಮೇಲೆ ನನಗೆ ಅಳು ಬಂತು, ಚಿಕ್ಕಪ್ಪನಿಗೋ ಅಪ್ಪನಿಗೋ ಗೊತ್ತಾಗಲಿಲ್ಲ.

ಬೆಳಗ್ಗೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಭಾನುವಾರ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಬರುವಾಗ ಹಳೆ ಗಿರಣಿಯ ಲೆಕ್ಕದ ಪುಸ್ತಕ ತನ್ನಿ, ಅವರ ಅಕ್ಷರ ನೋಡಬೇಕು ಅಂದರು ಚಿಕ್ಕಮ್ಮ. ಅಟ್ಟದ ಮೇಲಿದೆ, ಇವತ್ತು ಇಳಿಸಬೇಕು.