ಮರೆಗುಳಿತನದ ಜೊತೆ ಖಿನ್ನತೆ: ಸ್ಕ್ಯಾನ್‌ನಲ್ಲಿ ಕಾಣುತ್ತದಾ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ):
ಡಾಕ್ಟರ್, ನಮ್ಮ ಮಾವನವರಿಗೆ 74 ವರ್ಷ. ಅಲ್ಝೈಮರ್ ಅಂತ ಗೊತ್ತಾಗಿ ಎರಡು ವರ್ಷವಾಯಿತು. ಮೊದಲೆಲ್ಲ ಎದ್ದ ಕೂಡಲೇ ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದರು. ಈಗ ನಾವು ಹಚ್ಚಿದರೂ ಎದ್ದು ಬಂದು ಬಂದ್ ಮಾಡುತ್ತಾರೆ. ರೊಟ್ಟಿ ಮುರಿದು ತಾಟಿನಲ್ಲೇ ಬಿಡುತ್ತಾರೆ. ಖಿನ್ನತೆ ಇದ್ದರೆ ಮಿದುಳಿನ ಭಾಗಗಳ ಸಂಪರ್ಕವೇ ಬದಲಾಗುತ್ತದೆ ಅಂತ ಓದಿದೆ. ಅದನ್ನು ತೋರಿಸುವ ಎಂಆರ್‌ಐ ಇದೆಯಂತಲ್ಲ, ಮಾಡಿಸೋಣವಾ?

ಉತ್ತರ (ಮನೋವೈದ್ಯರು, ಧಾರವಾಡ):
ಬೇಡ್ರೀ, ಸುಮ್ನೆ ಖರ್ಚು. ಓದಿದ್ದು ಸುಳ್ಳಲ್ಲ. ಅದು ಫಂಕ್ಷನಲ್ ಎಂಆರ್‌ಐ. ಮಿದುಳಿನ ಯಾವ ಭಾಗಗಳಲ್ಲಿ ರಕ್ತದ ಆಕ್ಸಿಜನ್ ಒಟ್ಟಿಗೆ ಏರಿಳಿಯುತ್ತದೆ ಎಂದು ನೋಡುತ್ತದೆ. ಒಟ್ಟಿಗೆ ಏರಿಳಿದರೆ ಅವುಗಳ ನಡುವೆ ಮಾತುಕತೆ ಇದೆ ಅಂತ ಲೆಕ್ಕ. ಸುಮ್ಮನೆ ಕೂತು ಹಳೆಯದನ್ನು ಮೆಲುಕು ಹಾಕುವಾಗ ದುಡಿಯುವ ಒಂದು ಜಾಲವಿದೆ. 2001ರಲ್ಲಿ ಅದಕ್ಕೆ ಡಿಫಾಲ್ಟ್ ಮೋಡ್ ಅಂತ ಹೆಸರು ಬಂತು. ಅಲ್ಝೈಮರ್‌ನಲ್ಲಿ ಇದರ ಬೆಸುಗೆ ಸಡಿಲಾಗುತ್ತದೆ. ಚಿಗರಿ ಬಸ್ಸಿನ ದಾರಿ ನೆನೆಸಿಕೊಳ್ಳಿ: ಹುಬ್ಬಳ್ಳಿ ಇದೆ, ಧಾರವಾಡ ಇದೆ, ನಡುವೆ ನವನಗರದ ಹತ್ತಿರ ರಸ್ತೆ ಕಿತ್ತುಹೋಗಿದೆ. (ಊರುಗಳೂ, ಅಂದರೆ ಮಿದುಳಿನ ಆ ಭಾಗಗಳೂ, ಕುಗ್ಗುತ್ತವೆ ಅನ್ನಿ, ಆ ಮಾತು ಬೇರೆ.) ಖಿನ್ನತೆಯಲ್ಲಿ, ಭಾವನೆ ಎಬ್ಬಿಸುವ ಭಾಗಕ್ಕೂ ಅದಕ್ಕೆ ಲಗಾಮು ಹಾಕುವ ಮುಂಭಾಗಕ್ಕೂ ಹೊಂದಾಣಿಕೆ ತಪ್ಪುತ್ತದೆ. ಎರಡೂ ಕೂಡಿದವರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. ಕೆಲವು ಕಡೆ ಸಂಪರ್ಕ ಕಡಿಮೆ, ಕೆಲವು ಕಡೆ ಜಾಸ್ತಿ. ಅದೂ ಹಲವರ ಸರಾಸರಿ. ಒಬ್ಬರ ಸ್ಕ್ಯಾನ್ ಹಿಡಿದು ‘ಇವರಿಗೆ ಖಿನ್ನತೆ’ ಅನ್ನಲು ಆಗುವುದಿಲ್ಲ.

ಒಂದು ಹೇಳಿ. ರೇಡಿಯೋ ಬಂದ್ ಮಾಡುವಾಗ ಅವರ ಮುಖ ಹೇಗಿರುತ್ತದೆ?

ಪ್ರಶ್ನೆ ಕೇಳಿದವರು:
ಕಣ್ಣು ತುಂಬಿರುತ್ತದೆ. ‘ನಿಮಗೆಲ್ಲ ಭಾರ ಆದೆ’ ಅಂತಾರೆ. ನಸುಕಿನ ಮೂರಕ್ಕೇ ಎದ್ದು ಕೂರುತ್ತಾರೆ. ಗುಳಿಗೆ ಶುರು ಮಾಡಬೇಕಾ?

ಉತ್ತರ:
ಹಂಗಾದರೆ ಇದು ಬರೀ ಉದಾಸೀನ ಅಲ್ಲ. ಉದಾಸೀನ ಇದ್ದವರಿಗೆ ಏನೂ ಬೇಡವಾಗಿರುತ್ತದೆ, ಆದರೆ ಇಂಥ ಸಂಕಟ ಕಾಣುವುದಿಲ್ಲ. ಖಿನ್ನತೆ ಅನ್ನಿಸುತ್ತಿದೆ, ಆದರೆ ನೋಡದೆ ಖಚಿತ ಹೇಳಲಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹತ್ತಿರದ ಮನೋವೈದ್ಯರಿಗೋ ಈ ವಾರವೇ ತೋರಿಸಿ. ಥೈರಾಯ್ಡ್, ಬಿ12 ರಕ್ತ ಪರೀಕ್ಷೆ ಆಗಿದೆಯಾ ಕೇಳಿ. ಅವು ಕಡಿಮೆ ಇದ್ದರೂ ಮನಸ್ಸು ಕುಸಿಯುತ್ತದೆ.

ಗುಳಿಗೆ ವಿಷಯಕ್ಕೆ ಬಂದರೆ, ಬ್ರಿಟನ್ನಿನಲ್ಲಿ ಇಂಥ 326 ಜನರ ಮೇಲೆ ನಡೆದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಕೆಲವರಿಗೆ ಸರ್ಟ್ರಾಲಿನ್, ಕೆಲವರಿಗೆ ಮಿರ್ಟಜಪಿನ್ (ಎರಡೂ ಖಿನ್ನತೆಯ ಮದ್ದು), ಉಳಿದವರಿಗೆ ಮದ್ದೇ ಇಲ್ಲದ ಗುಳಿಗೆ. 13 ವಾರದ ಬಳಿಕ ಮೂರೂ ಗುಂಪು ಹೆಚ್ಚುಕಡಿಮೆ ಸಮ. ಹಾಗಂತ ನಾವು ಕೊಡುವುದೇ ಇಲ್ಲ ಅಂತಲ್ಲ, ತೀವ್ರವಾಗಿದ್ದರೆ ಕೊಡುತ್ತೇವೆ. ಆದರೆ ಮೊದಲು ದಿನಚರಿ ಸರಿಮಾಡುತ್ತೇವೆ: ಸಂಜೆ ಉಣಕಲ್ ಕೆರೆ ಕಡೆ ಯಾರಾದರೂ ಜೊತೆಗೆ ಹೋಗಿ, ರೇಡಿಯೋ ಹಚ್ಚಿ ಅವರನ್ನು ಒಬ್ಬರನ್ನೇ ಬಿಡಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ‘ಸಾಯಬೇಕು’ ಅನ್ನುವ ಮಾತು ಬಂದರಂತೂ ಕಾಯಬೇಡಿ, ಅವತ್ತೇ ಕರೆತನ್ನಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು.

ಹೋಗುವಾಗ ಗುಳಿಗೆ ಡಬ್ಬಿ ಪೂರ್ತಿ ಒಯ್ಯಿರಿ. ನೆಗಡಿಗೆ, ನಿದ್ದೆಗೆ ಅಂತ ಅಂಗಡಿಯಿಂದ ತಂದದ್ದನ್ನೂ. ಅಂಥ ಕೆಲವು ಗುಳಿಗೆ ಮರೆವನ್ನು ಇನ್ನೂ ಜಾಸ್ತಿ ಮಾಡುತ್ತವೆ.