ಪದಚರ್ಚೆ: ಗುಳೆ ಅಂದರೆ ವಲಸೆಯೇನಾ?

ಎಲ್ಲರಿಗೂ ನಮಸ್ಕಾರ.

ನಾನು ಧಾರವಾಡದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಹೋದ ತಿಂಗಳಿನಿಂದ ಒಂದು ಪದ ನನ್ನನ್ನು ಬಿಡುತ್ತಿಲ್ಲ. ಗುಳೆ.

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗಿಯೊಬ್ಬಳು ಬಂದಿದ್ದಳು. ಮುಂಡರಗಿ ಕಡೆಯವಳು. 'ಸರ್, ಗುಳೆ ಹೋಗೋ ಮಂದಿ ಮಕ್ಕಳ ಸಾಲಿ ಬಗ್ಗೆ ಪ್ರಾಜೆಕ್ಟ್ ಮಾಡಾಕತ್ತೀನ್ರಿ. ಅದರ ಮ್ಯಾಲೆ ಏನರ ಪುಸ್ತಕ ಅದಾವೇನ್ರಿ?' ಅಂತ ಕೇಳಿದಳು. ಕ್ಯಾಟಲಾಗಿನಲ್ಲಿ 'ಗುಳೆ' ಅಂತ ಹುಡುಕಿದೆ. ಒಂದೂ ಬರಲಿಲ್ಲ. 'ವಲಸೆ' ಅಂತ ಹುಡುಕಿದೆ. ಮೊದಲು ಬಂದದ್ದು ಹಕ್ಕಿಗಳ ಪುಸ್ತಕ.

ಅದು ತಪ್ಪೇನೂ ಅಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅದು ವಲಸೆ. ಅದೇ ಗದಗ ಜಿಲ್ಲೆಯಿಂದ, ಅದೇ ಚಳಿಗಾಲದಲ್ಲಿ, ಮನೆಗೆ ಬೀಗ ಹಾಕಿ ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೊರಡುವ ಮಂದಿ ಇದ್ದಾರೆ. ಕ್ಯಾಟಲಾಗಿನ ಪ್ರಕಾರ ಅದೂ ವಲಸೆ. ಆದರೆ ಆ ಊರಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. 'ಗುಳೆ ಹೋಗ್ಯಾರ' ಅಂತಾರೆ.

ನನ್ನ ಕಿವಿಗೆ ಇವೆರಡೂ ಬೇರೆ ಪದಗಳು. ವಲಸೆ ಹೋದವರು ಹೋದ ಕಡೆಯೇ ಉಳಿಯಬಹುದು. ಗುಳೆ ಹೋದವರು ವಾಪಸ್ ಬರಬೇಕು. ಅವರ ಹೊಲ, ಮನೆ, ರೇಷನ್ ಕಾರ್ಡು, ಮುದುಕರು ಎಲ್ಲ ಊರಲ್ಲೇ ಇರುತ್ತಾರೆ. ಹೊಲದ ಕೆಲಸ ಮುಗಿದ ಮೇಲೆ ಹೋಗುತ್ತಾರೆ, ಮಳೆ ಹಿಡಿಯುವ ಹೊತ್ತಿಗೆ ಬರುತ್ತಾರೆ. ಇನ್ನೊಂದು ಮಾತು. ಓದಿದ ಹುಡುಗ ಒಬ್ಬನೇ ಪುಣೆಗೆ ನೌಕರಿಗೆ ಹೋದರೆ ಅದನ್ನು ಯಾರೂ ಗುಳೆ ಅನ್ನುವುದಿಲ್ಲ. ಗುಳೆ ಅನ್ನಲು ಸಂಸಾರ ಹೊರಡಬೇಕು, ಹಿಂದೆ ಬರವೋ ಸಾಲವೋ ಇರಬೇಕು. ಒಲ್ಲದ ಮನಸ್ಸಿನ ಪ್ರಯಾಣ ಅದು.

ಕ್ರಿಯಾಪದವನ್ನೂ ಗಮನಿಸಿ. 'ಗುಳೆ ಹೋಗು' ಅಷ್ಟೇ ಅಲ್ಲ, 'ಗುಳೆ ಏಳು' ಅಂತಲೂ ಹೇಳುತ್ತೇವೆ. 'ಊರಿಗೆ ಊರ ಗುಳೆ ಎದ್ದೈತಿ.' ಈ 'ಏಳು' ನಮಗೆ 'ಒಕ್ಕಲೆದ್ದು ಹೋದರು', 'ಒಕ್ಕಲೆಬ್ಬಿಸಿದರು' ಅನ್ನುವಲ್ಲೂ ಸಿಗುತ್ತದೆ. ಬೇರು ಬಿಟ್ಟು ಕೂತಿದ್ದವರು ಎದ್ದು ನಿಲ್ಲಬೇಕಾಗಿ ಬಂದ ಚಿತ್ರ. 'ವಲಸೆ ಏಳು' ಅಂತ ನಾನು ಎಲ್ಲೂ ಕೇಳಿಲ್ಲ. ನೀವು ಕೇಳಿದ್ದೀರಾ?

ಇಷ್ಟು ದೊಡ್ಡ ಅರ್ಥ ಇರುವ ಪದ ಕ್ಯಾಟಲಾಗಿನಲ್ಲಿ ಇಲ್ಲ ಅಂದರೆ ಅದು ಸಣ್ಣ ಕೊರತೆ ಅಲ್ಲ. ಹುಡುಕುವವರಿಗೆ ದಾರಿಯೇ ಇಲ್ಲದ ಹಾಗೆ ಆಗುತ್ತದೆ. ಕನ್ನಡದಲ್ಲಿ ಯೋಚಿಸುವ ವಿದ್ಯಾರ್ಥಿ ಮೊದಲು ತನ್ನ ಊರಿನ ಪದವನ್ನೇ ಟೈಪ್ ಮಾಡುತ್ತಾಳೆ, ಅಲ್ವಾ? ಏನೂ ಬರದಿದ್ದರೆ ಈ ವಿಷಯದ ಮೇಲೆ ಯಾರೂ ಬರೆದೇ ಇಲ್ಲ ಅಂದುಕೊಳ್ಳುತ್ತಾಳೆ. ಬರೆದವರು ಬಹಳ ಮಂದಿ ಇದ್ದಾರೆ. ಬೇರೆ ಬೇರೆ ಹೆಸರಿನಲ್ಲಿ ಬರೆದಿದ್ದಾರೆ.

ಅವಳ ಜೊತೆ ಕೂತು ಮೂರು ಮಧ್ಯಾಹ್ನ ಹುಡುಕಿದೆವು. ಇಂಗ್ಲಿಷಿನಲ್ಲಿ ಇದಕ್ಕೆ 'ಸೀಸನಲ್ ಮೈಗ್ರೇಷನ್', 'ಸರ್ಕ್ಯುಲರ್ ಮೈಗ್ರೇಷನ್', 'ಡಿಸ್ಟ್ರೆಸ್ ಮೈಗ್ರೇಷನ್' ಅಂತ ಮೂರು ಹೆಸರು. ಮೊದಲನೆಯದು ಕಾಲ ಹೇಳುತ್ತದೆ, ಎರಡನೆಯದು ಹೋಗಿ ಬರುವುದನ್ನು, ಮೂರನೆಯದು ಕಷ್ಟವನ್ನು. ನಮ್ಮ ಗುಳೆಯಲ್ಲಿ ಈ ಮೂರೂ ಇವೆ! ಹಾಗಾಗಿ ಮೂರನ್ನೂ ನಡುವೆ 'ಆರ್' (OR, ಅಂದರೆ 'ಅಥವಾ') ಹಾಕಿ ಹುಡುಕಿದಾಗಲೇ ಜಾಸ್ತಿ ಸಿಕ್ಕಿತು. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1940ರಿಂದ ತರುತ್ತಿರುವ ಇಂಡಿಯನ್ ಜರ್ನಲ್ ಆಫ್ ಸೋಷಿಯಲ್ ವರ್ಕ್‌ನಲ್ಲೂ ಹೀಗೇ ಹುಡುಕಬೇಕು.

ಕಪಾಟಿನಲ್ಲೂ ವಿಷಯ ಚದುರಿದೆ. ಪುಸ್ತಕಗಳಿಗೆ ವಿಷಯದ ಪ್ರಕಾರ ಅಂಕಿ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಜನರ ಓಡಾಟ 304.8ರಲ್ಲಿ, ಕಾರ್ಮಿಕರ ವಿಷಯ 331ರಲ್ಲಿ, ಸಮಾಜಕಾರ್ಯ 361 ಮತ್ತು 362ರಲ್ಲಿ, ಶಿಕ್ಷಣ 370ರಲ್ಲಿ. ಹಕ್ಕಿಗಳು 598. ಬರೀ ಸಮಾಜಕಾರ್ಯದ ಸಾಲು ನೋಡಿ ಹೋದರೆ ಅರ್ಧ ಕೆಲಸವೂ ಆಗುವುದಿಲ್ಲ.

ಊರಿನ ಹೆಸರೂ ತೊಡಕೇ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ವರದಿ, ಪ್ರಬಂಧ ಬೇಕಾದರೆ 'ಧಾರವಾಡ ಜಿಲ್ಲೆ' ಅಂತ ಹುಡುಕಬೇಕು. ಇಂಗ್ಲಿಷಿನಲ್ಲಿ ಇನ್ನೂ ಹಳೆಯದಕ್ಕೆ 'ಧಾರವಾರ್' ಅಂತ, ಕೊನೆಗೆ 'ಡ' ಬದಲು 'ರ' ಹಾಕಬೇಕು. 1884ರ ಮುಂಬೈ ಪ್ರಾಂತದ ಗೆಜೆಟಿಯರ್‌ನ ನಮ್ಮ ಜಿಲ್ಲೆಯ ಸಂಪುಟ ಆ ಹೆಸರಿನಲ್ಲೇ ಇದೆ. 1876ರ ಬರದ ಸಂಗತಿ ಅದರಲ್ಲಿ ಸಿಗುತ್ತದೆ. ಬರ ಬಂದಾಗ ಈ ಸೀಮೆಯ ಜನ ಏನು ಮಾಡುತ್ತಿದ್ದರು ಅಂತ ಬರೆಯುವವರು ಅದನ್ನು ಬಿಡಬಾರದು.

ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಆದರೆ ಕನ್ನಡ ಪ್ರಬಂಧದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ 'ಳ'ಕಾರ ಸುಮ್ನೆ 'ಲ' ಆಗಿಬಿಡುತ್ತದೆ. ಕೊನೆಯ 'ಎ'ಕಾರವನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪುಟಗಳೊಳಗೆ ಯೂನಿಕೋಡ್ ಕನ್ನಡದ ಹುಡುಕಾಟ ನಡೆಯುವುದೇ ಇಲ್ಲ. ಅದಕ್ಕೇ ನಾನು ಒಂದು ಒಳ್ಳೆ ಪ್ರಬಂಧ ಸಿಕ್ಕ ಕೂಡಲೇ ಅದರ ಕೊನೆಗೆ ಹೋಗಿ ಗ್ರಂಥಋಣ ಓದು ಅಂತ ಹೇಳುತ್ತೇನೆ. ಅಲ್ಲಿಂದ ಮುಂದಿನ ಹತ್ತು ಹೆಸರು ಸಿಗುತ್ತವೆ. ಯಂತ್ರಕ್ಕೆ ಕಾಣದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಕಾನೂನಿನ ಕಡೆಯಿಂದಲೂ ಈ ಎರಡು ಪದ ಒಂದಾಗುವುದಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ 'ವಲಸೆ ಕಾರ್ಮಿಕ' ಅಂದರೆ ಗುತ್ತಿಗೆದಾರನ ಮೂಲಕ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವನು ಅಂತ ಇತ್ತು. ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಮುಂಡರಗಿಯಿಂದ ಗುತ್ತಿಗೆದಾರನ ಜೊತೆ ಗೋವಾಕ್ಕೆ ಹೋದವನು ಹಳೆಯ ಕಾಯ್ದೆಯ ಆ ಅರ್ಥಕ್ಕೆ ಸೇರುತ್ತಿದ್ದ. ಬೆಂಗಳೂರಿಗೆ ಹೋದವನು ಸೇರುತ್ತಿರಲಿಲ್ಲ. ಊರಿನವರ ಬಾಯಲ್ಲಿ ಎರಡೂ ಗುಳೆಯೇ. ಸಂಶೋಧನೆಯಲ್ಲಿ ಪದ ಬದಲಿಸಿದರೆ ಲೆಕ್ಕಕ್ಕೆ ಸಿಗುವ ಜನರೇ ಬದಲಾಗುತ್ತಾರೆ. ಇದು ಆ ಹುಡುಗಿಗೆ ನಾನು ಹೇಳಿದ್ದಲ್ಲ, ಕಾಯ್ದೆ ಓದಿ ಅವಳೇ ಬಂದು ನನಗೆ ತೋರಿಸಿದಳು.

ಅವಳು ಇನ್ನೊಂದು ಸಂಗತಿ ಹೇಳಿದಳು. ಮನೆಮನೆಗೆ ಹೋಗಿ 'ನೀವು ಗುಳೆ ಹೋಗತೀರೇನ್ರಿ?' ಅಂತ ಕೇಳಿದರೆ ಕೆಲವರಿಗೆ ನಾಚಿಕೆ. 'ಇಲ್ಲಬೇ, ದುಡಿಯಾಕ ಹೋಗಿದ್ವಿ' ಅಂತ ತಿದ್ದುತ್ತಾರಂತೆ. ಪಕ್ಕದ ಮನೆಯವರು ಹೋದರೆ ಗುಳೆ, ತಾವು ಹೋದರೆ ದುಡಿಮೆ. ಪ್ರಶ್ನಾವಳಿಯಲ್ಲಿ ಯಾವ ಪದ ಇಡಬೇಕು ಅನ್ನುವುದು ಅವಳಿಗೆ ಈಗ ದೊಡ್ಡ ಪ್ರಶ್ನೆ. 'ದುಡಿಯಾಕ ಹೊರಗ ಹೋಗಿದ್ದು' ಅಂತ ಕೇಳು, ಹೆಸರು ಅವರೇ ಇಡಲಿ ಅಂದೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಕ್ಯಾಟಲಾಗಿನಲ್ಲಿ ಎರಡು ಬಗೆಯ ಕೈಮರ ಇರುತ್ತದೆ. 'ಗುಳೆ: ವಲಸೆ ನೋಡಿ' ಅಂತ ಬರೆದರೆ ಎರಡೂ ಒಂದೇ, ವಲಸೆಯೇ ಸರಿಯಾದ ಹೆಸರು ಅಂತ ಅರ್ಥ. 'ಗುಳೆ: ವಲಸೆ ಇದನ್ನೂ ನೋಡಿ' ಅಂದರೆ ಗುಳೆಗೆ ತನ್ನದೇ ಜಾಗ ಇದೆ, ವಲಸೆ ಅದರ ನೆಂಟ ಅಂತ. ನಾನು ಎರಡನೆಯದರ ಪರ. ನಮ್ಮಲ್ಲಿ ಕೆಲವರು ಗುಳೆ ಬರೀ ಆಡುಮಾತು, ವಿಷಯದ ಹೆಸರಾಗಲು ಬರುವುದಿಲ್ಲ ಅನ್ನುತ್ತಾರೆ. ಕನ್ನಡ ಪತ್ರಿಕೆಗಳ ತಲೆಬರಹದಲ್ಲಿ ನಿತ್ಯ ಬರುವ ಪದ ಬರೀ ಆಡುಮಾತು ಹೇಗಾದೀತು?

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಹಳಗನ್ನಡ ನಡುಗನ್ನಡದಲ್ಲಿ ಗುಳೆ ಯಾವ ಅರ್ಥದಲ್ಲಿ ಬಂದಿದೆ? ಆಗಲೂ ವಾಪಸ್ ಬರುವ ಅರ್ಥ ಇತ್ತೋ, ಅಥವಾ ದಂಡಿಗೆ ಹೆದರಿ ಊರು ಬಿಡುವುದಕ್ಕೆ ಮಾತ್ರ ಹೇಳುತ್ತಿದ್ದರೋ? ಗುಳೇದಗುಡ್ಡದ 'ಗುಳೆ' ಇದೇ ಪದವೇ? ಹಾನಗಲ್, ಹಿರೇಕೆರೂರು ಕಡೆಯವರು ಕಬ್ಬು ಕಡಿಯಲು ಹೋಗುವುದನ್ನೂ ಗುಳೆ ಅಂತಾರಾ, ಬೇರೆ ಪದ ಇದೆಯಾ? ಪದ ಬಂದಿರುವ ಸಾಲನ್ನೇ ಬರೆದು ಕಳಿಸಿದರೆ ಬಹಳ ಉಪಕಾರ.

ಹುಡುಗಿ ಮುಂದಿನ ತಿಂಗಳು ವರದಿ ಕೊಡಬೇಕು. ಅಷ್ಟರೊಳಗೆ ಕ್ಯಾಟಲಾಗಿನಲ್ಲಿ 'ಗುಳೆ' ಅಂತ ಹುಡುಕಿದರೆ ಏನಾದರೂ ಬರುವ ಹಾಗೆ ಮಾಡಬೇಕು ಅಂತಿದ್ದೇನೆ.