ಫೋಟೋದಿಂದ ವ್ಯಕ್ತಿಯನ್ನು ‘ಬಿಡಿಸು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಫೋಟೋದಲ್ಲಿರುವ ಒಬ್ಬರನ್ನು ಹಿಂದಿನ ಗೋಡೆ, ಗಿಡ, ಜನ ಎಲ್ಲದರಿಂದ ಬೇರೆ ಮಾಡಿ, ಅಂಚು ಕೆಡದ ಹಾಗೆ ತೆಗೆದುಕೊಳ್ಳುತ್ತೇವಲ್ಲ, ಆ ಕೆಲಸಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಕ್ರಿಯಾಪದ ಬೇಕಾಗಿದೆ. ನಾನು ಸಿಂಧನೂರಿನಲ್ಲಿ ಫ್ಲೆಕ್ಸ್ ಮತ್ತು ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಕೆಲಸ ಕಲಿಯೋಕೆ ಬರುವ ಹುಡುಗ ಹುಡುಗಿಯರಿಗಾಗಿ ಫೋಟೋಶಾಪ್ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಪಾಠಕ್ಕೇ ಈ ಪದ ಬೇಕು. ನನ್ನ ಮನಸ್ಸಿನಲ್ಲಿರೋದು ‘ಬಿಡಿಸು’. ಅದು ನಿಲ್ಲುತ್ತದೆಯೇ ಅನ್ನುವುದು ಪ್ರಶ್ನೆ.

ಸದ್ಯ ನಮ್ಮ ಕಡೆ ಅಂಗಡಿಗಳಲ್ಲಿ ಜಾಸ್ತಿ ಕೇಳೋದು ‘ಕಟ್ ಮಾಡು’, ‘ಕಟಿಂಗ್’. ಇದರಲ್ಲಿ ದಿನಾ ಗೊಂದಲ. ಗಿರಾಕಿ ಬಂದು ‘ಫೋಟೋ ಕಟ್ ಮಾಡಿ ಕೊಡ್ರಿ’ ಅಂದರೆ, ಎಷ್ಟೋ ಸಲ ಅವರಿಗೆ ಬೇಕಾಗಿರೋದು ಪಾಸ್‌ಪೋರ್ಟ್ ಸೈಜಿಗೆ ನಾಲ್ಕು ಅಂಚು ಸಣ್ಣ ಮಾಡೋದು, ಅಂದ್ರೆ ಕ್ರಾಪ್. ‘ಕಟೌಟ್’ ಅನ್ನೋಣ ಅಂದರೆ ಆ ಪದ ಆಗಲೇ ಥಿಯೇಟರ್ ಮುಂದೆ ನಿಲ್ಲಿಸುವ ಹೀರೋನ ಎತ್ತರದ ಆಕೃತಿಗೆ ಹೋಗಿಬಿಟ್ಟಿದೆ. ಅದನ್ನು ಅಲ್ಲಿಂದ ಕೀಳೋಕೆ ಆಗಲ್ಲ, ಕೀಳಲೂಬಾರದು.

‘ಕಟ್’ ಯಾಕೆ ಸಾಲದು ಅನ್ನೋದಕ್ಕೆ ಇನ್ನೊಂದು ಕಾರಣವಿದೆ. 1990ರಲ್ಲಿ ಬಂದ ಮೊದಲ ಫೋಟೋಶಾಪ್‌ನಲ್ಲಿ ಲೇಯರ್, ಅಂದ್ರೆ ಚಿತ್ರಗಳನ್ನು ಒಂದರ ಮೇಲೊಂದು ಬೇರೆ ಬೇರೆಯಾಗಿ ಇಡುವ ಪದರ, ಇರಲಿಲ್ಲ. ಸುತ್ತ ಗೆರೆ ಎಳೆದು, ಕತ್ತರಿಸಿ, ಬೇರೆ ಚಿತ್ರದ ಮೇಲೆ ಅಂಟಿಸಿಬಿಟ್ಟರೆ ಮುಗಿಯಿತು, ಅದು ಅಲ್ಲೇ ಕೂಡಿಕೊಳ್ಳುತ್ತಿತ್ತು. ಆಗ ‘ಕಟ್’ ಸರಿಯಾದ ಮಾತೇ. 1994ರಲ್ಲಿ ಮೂರನೇ ಆವೃತ್ತಿಯಲ್ಲಿ ಲೇಯರ್ ಬಂತು. ಇವತ್ತು ತಿಳಿದು ಕೆಲಸ ಮಾಡುವವರು ಏನನ್ನೂ ಕತ್ತರಿಸಿ ಬಿಸಾಡಲ್ಲ. ಬೇಡದ್ದನ್ನು ಮಾಸ್ಕ್ ಹಾಕಿ ಮರೆ ಮಾಡುತ್ತಾರೆ. ಮಾಸ್ಕ್ ಮೇಲೆ ಕಪ್ಪು ಹಚ್ಚಿದರೆ ಆ ಭಾಗ ಕಾಣಲ್ಲ, ಬಿಳಿ ಹಚ್ಚಿದರೆ ವಾಪಸ್ ಕಾಣುತ್ತೆ, ಬೂದು ಹಚ್ಚಿದರೆ ಅರ್ಧಂಬರ್ಧ. ಫ್ಲೆಕ್ಸ್ ನೋಡಿದ ಗಿರಾಕಿ ‘ಅಣ್ಣಾ, ನಮ್ಮಪ್ಪನ ರುಮಾಲಿನ ತುದಿ ಹೋಗೈತಲ್ಲ’ ಅಂದರೆ ಬಿಳಿ ಬ್ರಷ್ ಆಡಿಸಿದರೆ ಸಾಕು, ತುದಿ ಬಂದುಬಿಡುತ್ತೆ. ರಬ್ಬರಿನಿಂದ ಅಳಿಸಿ ಫೈಲ್ ಸೇವ್ ಮಾಡಿದ್ದರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ಈಗ ‘ಬಿಡಿಸು’ಗೆ ಬರುತ್ತೇನೆ. ನಮ್ಮ ರಾಯಚೂರು, ಬಳ್ಳಾರಿ ಕಡೆ ಹತ್ತಿ ಬಿಡಿಸುತ್ತೇವೆ. ಶೇಂಗಾ ಬಿಡಿಸುತ್ತೇವೆ, ಹೂ ಬಿಡಿಸುತ್ತೇವೆ. ಗಂಟು, ಒಗಟು, ಲೆಕ್ಕ, ಜಗಳ ಎಲ್ಲವನ್ನೂ ಬಿಡಿಸುತ್ತೇವೆ. ಬ್ಯಾಂಕಿನಲ್ಲಿ ಅಡವಿಟ್ಟ ಬಂಗಾರವನ್ನೂ ಬಿಡಿಸಿಕೊಂಡು ಬರುತ್ತೇವೆ. ಇವುಗಳಲ್ಲಿ ಜಾಸ್ತಿ ಕಡೆ ನನಗೆ ಕಾಣೋದು ಒಂದೇ ಗುಣ: ಏನಕ್ಕೋ ಸಿಕ್ಕಿಕೊಂಡಿರುವುದು ಬೇರೆಯಾಗಬೇಕು, ಬೇಕಾದದ್ದಕ್ಕೆ ಪೆಟ್ಟಾಗಬಾರದು. ‘ಕತ್ತರಿಸು’ ಅನ್ನುವ ಮಾತಿಗೆ ಆ ಕಾಳಜಿ ಇಲ್ಲ. ‘ಸುಲಿ’ಗೂ ಇಲ್ಲ, ಜೊತೆಗೆ ಅದರ ಹಿಂದೆಯೇ ಸುಲಿಗೆ ನೆನಪಾಗುತ್ತೆ.

ಕೆಲಸ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳುತ್ತೇನೆ, ಪದ ಹೊಂದುತ್ತದೋ ಇಲ್ಲವೋ ನೀವೇ ನೋಡಿ. ಮದುಮಗಳ ಫೋಟೋ ಅಂತಿಟ್ಟುಕೊಳ್ಳಿ. ಹಿಂದೆ ಭತ್ತದ ಗದ್ದೆ. ಭುಜ, ಸೀರೆ ಅಂಚು, ಕೈ ಇಂಥ ಗಟ್ಟಿ ಗೆರೆಗಳಿಗೆ ಪೆನ್ ಟೂಲ್, ಅಂದ್ರೆ ಚುಕ್ಕೆ ಇಡುತ್ತಾ ಹೋಗಿ ಸುತ್ತ ಗೆರೆ ಎಳೆಯುವ ಸಾಧನ. ಚುಕ್ಕೆ ಎಷ್ಟು ಕಡಿಮೆಯೋ ಗೆರೆ ಅಷ್ಟು ನುಣುಪು. ತಿರುವು ಬಂದಲ್ಲಿ ಚುಕ್ಕೆ ಇಟ್ಟು, ಮೌಸ್ ಬಿಡದೆ ಎಳೆದರೆ ಗೆರೆ ಬಾಗುತ್ತೆ. ಗೆರೆ ಮೈಯ ಅಂಚಿನ ಮೇಲಲ್ಲ, ಒಂದು ಪಿಕ್ಸೆಲ್ ಒಳಗೆ ಹೋಗಬೇಕು. ಸುತ್ತು ಮುಗಿಸಿ ಕಂಟ್ರೋಲ್ ಎಂಟರ್ ಒತ್ತಿದರೆ ಅದು ಸೆಲೆಕ್ಷನ್ ಆಗುತ್ತೆ, ಅಂದ್ರೆ ಗೆರೆಯೊಳಗಿನ ಭಾಗ ಆಯ್ಕೆಯಾಗುತ್ತೆ. ಆಮೇಲೆ ಮಾಸ್ಕ್. ಹೊಸಬರು ಇಷ್ಟಕ್ಕೇ ಕೈ ಬಿಡುತ್ತಾರೆ. ಸೊಂಟದ ಮೇಲೆ ಕೈ ಇಟ್ಟಿದ್ದರೆ ತೋಳು ಮತ್ತು ಸೊಂಟದ ನಡುವಿನ ಕಿಂಡಿಯಲ್ಲಿ ಗದ್ದೆ ಹಾಗೇ ಉಳಿದಿರುತ್ತೆ. ಜುಮಕಿ ಮತ್ತು ಕತ್ತಿನ ನಡುವೆ, ಮಲ್ಲಿಗೆ ದಂಡೆಯ ಸಂದಿಯಲ್ಲಿ, ಅಲ್ಲೆಲ್ಲ ಹಸಿರು ಇಣುಕುತ್ತೆ. ‘ಬ್ಯಾಕ್‌ಗ್ರೌಂಡ್ ತೆಗಿ’ ಅಂದರೆ ಹೊರಗಿನದು ಹೋದರೆ ಆಯ್ತು ಅಂದುಕೊಳ್ಳುತ್ತಾರೆ. ‘ಹುಡುಗಿಯನ್ನು ಬಿಡಿಸು’ ಅಂದರೆ ಇನ್ನೂ ಎಲ್ಲೆಲ್ಲಿ ಸಿಕ್ಕಿಕೊಂಡಿದ್ದಾಳೆ ಅಂತ ಹುಡುಕುತ್ತಾರೆ ಅನ್ನುವುದು ನನ್ನ ನಂಬಿಕೆ.

ಕೂದಲಿಗೆ ಪೆನ್ ಟೂಲ್ ನಡೆಯಲ್ಲ. ಅದಕ್ಕೆ ‘ಸೆಲೆಕ್ಟ್ ಅಂಡ್ ಮಾಸ್ಕ್’ ಒಳಗೆ ಹೋಗಿ ಕೂದಲಿನಂಥ ಸಣ್ಣ ಅಂಚನ್ನು ಹುಡುಕಿ ಕೊಡುವ ರಿಫೈನ್ ಎಡ್ಜ್ ಬ್ರಷ್ ಹಿಡಿಯಬೇಕು. ಅಲ್ಲಿಯೂ ಎಳೆ ಎಳೆಗೆ ಗದ್ದೆಯ ಹಸಿರು ಹತ್ತಿಕೊಂಡಿರುತ್ತೆ. ಹತ್ತಿ ಬಿಡಿಸುವಾಗ ಒಣ ಎಲೆಯ ಚೂರು ಜೊತೆಗೆ ಬಂದ ಹಾಗೇ ಇದು. ಹೊಸ ಕೆಂಪು ಹಿನ್ನೆಲೆ ಮೇಲೆ ಇಟ್ಟ ಕೂಡಲೇ ತಲೆ ಸುತ್ತ ಹಸಿರು ಬಳೆ ಕಾಣುತ್ತೆ. ಈ ಉಳಿದ ಬಣ್ಣಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ‘ಹಸಿರು ಹತ್ತೈತಿ ನೋಡು’ ಅನ್ನುತ್ತೇವೆ, ಅಷ್ಟೇ. ಪಾಠದಲ್ಲಿ ‘ಹತ್ತುಬಣ್ಣ’ ಅಂತ ಬರೆದು ನೋಡಿದೆ. ಹತ್ತು ಬಣ್ಣ ಅಂತ ಓದಿಕೊಳ್ಳುತ್ತಾರೆ, ಬೇಡ.

‘ಬಿಡಿಸು’ ವಿರುದ್ಧ ಬರುವ ದೊಡ್ಡ ಆಕ್ಷೇಪ ನನಗೂ ಗೊತ್ತು. ‘ಚಿತ್ರ ಬಿಡಿಸು’ ಅಂದರೆ ಚಿತ್ರ ಬರೆಯೋದು ಅಂತ ಶಾಲೆ ಮಕ್ಕಳಿಗೂ ತಿಳಿದಿದೆ. ಆದರೆ ‘ಫೋಟೋದಿಂದ ಬಿಡಿಸು’ ಅಂದಾಗ ಆ ‘ಇಂದ’ ಅರ್ಥವನ್ನು ಕಾಯುತ್ತೆ ಅಲ್ವಾ? ಕಷ್ಟ ಇರೋದು ಹೆಸರುಪದದಲ್ಲಿ. ‘ಬಿಡಿಸಿದ ಚಿತ್ರ’ ಅಂದರೆ ಖಂಡಿತ ತಪ್ಪು ತಿಳಿಯುತ್ತಾರೆ. ಅದಕ್ಕೆ ‘ಬಿಡಿಚಿತ್ರ’ ಅನ್ನಬಹುದು ಅನಿಸುತ್ತದೆ. ಬಿಡಿ ಹೂ, ಬಿಡಿ ಭಾಗ ಇರುವ ಹಾಗೆ. ಈಗ ಇದಕ್ಕೆ ‘ಪಿಎನ್‌ಜಿ’ ಅನ್ನುತ್ತಾರೆ, ಫೈಲಿನ ಜಾತಿಯೇ ವಸ್ತುವಿನ ಹೆಸರಾಗಿದೆ. ಕಾರಣ ಇದೆ: ಪಿಎನ್‌ಜಿಯಲ್ಲಿ ಖಾಲಿ ಜಾಗ ಖಾಲಿಯಾಗೇ ಉಳಿಯುತ್ತೆ, ಜೆಪಿಜಿ ಮಾಡಿದರೆ ಅಲ್ಲಿ ಬಿಳಿ ತುಂಬಿಕೊಳ್ಳುತ್ತೆ. ಆದರೂ ‘ಸಾಹೇಬರ ಪಿಎನ್‌ಜಿ ಕೊಡು’ ಅನ್ನೋದಕ್ಕಿಂತ ‘ಸಾಹೇಬರ ಬಿಡಿಚಿತ್ರ ಕೊಡು’ ಚೆನ್ನಾಗಿದೆ.

ಟೂಲ್‌ಗಳ ಹೆಸರು ಮುಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯ. ಪರದೆ ಮೇಲೆ ಇಂಗ್ಲಿಷ್‌ನಲ್ಲೇ ಇರೋದರಿಂದ ಕೈಯಿಂದ ಸುತ್ತ ಗೆರೆ ಎಳೆದು ಆರಿಸುವ ಲಾಸೋ ಲಾಸೋ ಆಗಿಯೇ ಇರಲಿ, ಪೆನ್ ಟೂಲ್ ಪೆನ್ ಟೂಲ್ ಆಗಿಯೇ ಇರಲಿ. ಕೈ ಮಾಡುವ ಕೆಲಸಕ್ಕೆ ಮಾತ್ರ ಕನ್ನಡ ಬೇಕು. ಮಾಸ್ಕ್‌ಗೆ ‘ಮುಖವಾಡ’ ಅಂತ ಕೆಲವರು ಬರೆದದ್ದು ನೋಡಿದ್ದೇನೆ, ಸುಮ್ನೆ ದಾರಿ ತಪ್ಪಿಸುತ್ತೆ. ‘ಮರೆ’ ಸಾಕು. ಫೆದರ್‌ಗೆ ‘ಗರಿ’ ಅನ್ನೋದೂ ಹಾಗೇ, ಅಲ್ಲಿ ಆಗೋದು ಅಂಚು ಮೆತ್ತಗಾಗೋದು.

ಕೊನೆಗೆ ಒಂದು ಕೋರಿಕೆ. ತೊಗಲುಗೊಂಬೆ ಮಾಡುವವರು ನಮ್ಮ ಕೊಪ್ಪಳ, ಬಳ್ಳಾರಿಯಲ್ಲೇ ಇದ್ದಾರೆ. ತೊಗಲುಗೊಂಬೆ ಆಟ ಆಡಿಸುವ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಹದ ಮಾಡಿದ ತೊಗಲಿನ ಮೇಲೆ ಆಕೃತಿ ಬರೆದು, ಅದರ ಸುತ್ತಂಚು ಹಿಡಿದು ಗೊಂಬೆಯನ್ನು ಬೇರೆ ಮಾಡುವುದು ಗೊಂಬೆ ಮಾಡುವವರ ಕಸುಬಿನ ಭಾಗ. ಆ ಹೆಜ್ಜೆಗೆ ಆ ಮನೆಗಳಲ್ಲಿ ಯಾವ ಮಾತು ಬಳಸುತ್ತಾರೆ? ಕೇಳಿ ತಿಳಿದವರು ದಯವಿಟ್ಟು ಬರೆಯಿರಿ. ಕೂದಲಂಚಿಗೆ ಉಳಿಯುವ ಆ ಹಳೆ ಬಣ್ಣಕ್ಕೆ ನಿಮ್ಮ ಊರಿನ ಸ್ಟುಡಿಯೋದಲ್ಲಿ ಏನಾದರೂ ಹೆಸರಿದ್ದರೆ ಅದನ್ನೂ ತಿಳಿಸಿ.